ಪೆನ್ಸಿಲು ಹಿಡಿದು ಕಂಡ ಕುಪ್ಪಳಿ

ದೀರ್ಘಕಾಲ ಕನ್ನಡ ಸಾಹಿತ್ಯವನ್ನು ಬೋಧಿಸಿ ನಿವೃತ್ತನಾದ ಮೇಲೆ ನಾನು ಪೆನ್ಸಿಲಿನಲ್ಲಿ ಚಿತ್ರ ಬರೆಯಲು ತೊಡಗಿದೆ. ಈ ವಯಸ್ಸಿನಲ್ಲೇಕೆ ಎಂದು ಕೇಳುವವರಿಗೆ, ರವೀಂದ್ರನಾಥ ಠಾಕೂರರು ಚಿತ್ರಕಲೆಗೆ ಮನಸೋತದ್ದೂ ಅರವತ್ತು ದಾಟಿದ ಮೇಲೆಯೇ ಎನ್ನಬಹುದು. ಆದರೆ ಅವರ ಚಿತ್ರಗಳು 1930ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡವು. ನನ್ನವು ಗಾಂಧಿನಗರದ ನಮ್ಮ ಮನೆಯ ಬೀರುವಿನಲ್ಲಿ ಸುಖವಾಗಿವೆ. ನನ್ನದು ಕೇವಲ ಹವ್ಯಾಸ. ನಮ್ಮ ರಂಗಭೂಮಿಯಲ್ಲಿ ‘ಹವ್ಯಾಸಿ’ ಎಂಬುದು ಗೌರವದ ಮಾತೇ ಆಗಿರುವಾಗ, ಉಳಿದೆಡೆ ಅದನ್ನು ಸಂಕೋಚದಿಂದ ಏಕೆ ಉಚ್ಚರಿಸಬೇಕೋ ನಾನರಿಯೆ.

ಕಳೆದ ಚಳಿಗಾಲದಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ಹೋಗಿ ಎರಡು ದಿನ ಇದ್ದೆ. ಕುವೆಂಪು ಬಾಲ್ಯ ಕಳೆದ ಆ ಮನೆ ಈಗ ಅವರ ಹೆಸರಿನ ಪ್ರತಿಷ್ಠಾನದ ಆರೈಕೆಯಲ್ಲಿರುವ ಸ್ಮಾರಕ. ಹಿಂದೆ ವಿದ್ಯಾರ್ಥಿಗಳೊಡನೆ ಹೋದಾಗ ಕಂಬ, ಉಪ್ಪರಿಗೆ, ಹಸ್ತಪ್ರತಿಗಳನ್ನು ನೋಡಿ, ಕವಿಶೈಲ ಹತ್ತಿ ಇಳಿದಿದ್ದೆವು. ಬರೆಯಲು ಕುಳಿತಾಗ ಮಾತ್ರ, ಈ ಮನೆಯಲ್ಲಿ ಗೋಡೆಗಿಂತ ಮಾಡೇ ಪ್ರಧಾನವೆಂಬುದು ಕೈಗೆ ತಿಳಿಯಿತು. ಹಾಳೆಯ ಬಹುಭಾಗವನ್ನು ಹೆಂಚೇ ಬೇಡುತ್ತದೆ. ಮಲೆನಾಡಿನ ಮಳೆ ನಿಲ್ಲದೆ ಜಾರಿಹೋಗಲು ಆ ಇಳಿಜಾರು. ಎರಚಲು ಗೋಡೆಗೆ ತಾಗದಿರಲು ಆ ಚಾಚಿದ ಸೂರು. ಒಳಗೆ ತೆರೆದ ಅಂಗಳಕ್ಕೆ ಮೇಲಿನಿಂದ ಬೀಳುವ ಬೆಳಕು ಜಗಲಿಯವರೆಗೆ ಬಂದು, ಕೋಣೆಗಳ ಹೊಸ್ತಿಲಲ್ಲಿ ಹಿಂಜರಿಯುತ್ತದೆ. ಆ ಕತ್ತಲನ್ನು ಪೆನ್ಸಿಲಿನಿಂದ ತುಂಬುತ್ತ ಕುಳಿತ ಒಂದು ಗಂಟೆಯ ಆನಂದವನ್ನು ಹೇಗೆ ಹೇಳಲಿ!

ಅಡಿಗೆಮನೆಯ ಪಾತ್ರೆಗಳು ಚೊಕ್ಕಟವಾಗಿವೆ, ಹೊಗೆಯಿಲ್ಲ. ಸ್ಮಾರಕವೆಂದರೆ ಹಾಗೆಯೇ. ಆದರೆ ಇಂಥ ಮನೆಗಳು ನಡೆದದ್ದು ಆಳುಗಳ ದುಡಿಮೆಯಿಂದ. ಅದನ್ನು ಮನೆ ಹೇಳುವುದಿಲ್ಲ. 1967ರಲ್ಲಿ ಬಂದ ‘ಮಲೆಗಳಲ್ಲಿ ಮದುಮಗಳು’ ಹೇಳುತ್ತದೆ. ಅದರ ನಾಯಿಗುತ್ತಿ ಹೆಗ್ಗಡೆಯವರ ಮನೆಯ ಜಗಲಿಯನ್ನು ಏರಲಾರ. ಈ ಅಂಶವನ್ನು ತರಗತಿಯಲ್ಲಿ ಎಷ್ಟೋ ಬಾರಿ ವಿವರಿಸಿದ್ದೇನೆ, ಪರೀಕ್ಷೆಗೆ ಪ್ರಶ್ನೆಯಾಗಿಯೂ ಕೊಟ್ಟಿದ್ದೇನೆ.

ಎರಡನೆಯ ದಿನ ಬೆಳಿಗ್ಗೆ ನಾನು ಮನೆಯ ಮುಂದೆ, ಅಂಥವನೊಬ್ಬ ಅಪ್ಪಣೆಗಾಗಿ ಕಾದು ನಿಂತಿರಬಹುದಾದಷ್ಟು ದೂರದಲ್ಲಿ, ನೆಲದ ಮೇಲೆ ಕುಳಿತು ಬರೆದೆ. ಅಲ್ಲಿಂದ ಮಾಡು ಇನ್ನಷ್ಟು ಭಾರವಾಗಿ, ಬಾಗಿಲು ಇನ್ನಷ್ಟು ಎತ್ತರವಾಗಿ, ಒಳಗಿನ ಕತ್ತಲೆ ಇನ್ನಷ್ಟು ಕಪ್ಪಾಗಿ ಕಂಡಿತು. ಆ ಚಿತ್ರದಲ್ಲಿ ಅರ್ಧ ಹಾಳೆ ಬರಿಯ ನೆಲ. ಅದನ್ನು ಕಂಡ ಸ್ನೇಹಿತರೊಬ್ಬರು, “ಇಷ್ಟು ಜಾಗವನ್ನು ಖಾಲಿ ಬಿಟ್ಟಿದ್ದೀರಲ್ಲ, ಒಂದು ಮರವನ್ನಾದರೂ ಬರೆಯಬಾರದೆ?” ಎಂದರು. ನಾನು ಬರೆಯಲಿಲ್ಲ.