ಟ್ಯಾಕ್ಸಿ ಓಡಿಸಿದ ಕೋಚ್

ವೀಕ್ಷಕರೇ, ಹೊಸೆ ಪೆಕರ್‌ಮನ್ ಅಂದ ತಕ್ಷಣ ಫುಟ್‌ಬಾಲ್ ಪ್ರಿಯರು ಎತ್ತೋದು ಒಂದೇ ಮಾತು. 2006ರ ವಿಶ್ವಕಪ್ ಕ್ವಾರ್ಟರ್ ಫೈನಲ್, ಜರ್ಮನಿ ಎದುರು. 19ರ ಮೆಸ್ಸಿಯನ್ನು ಬೆಂಚಿನಿಂದ ಏಳಿಸಲೇ ಇಲ್ಲ. ಪೆನಾಲ್ಟಿಯಲ್ಲಿ ಸೋತರು, ರಾಜೀನಾಮೆ ಕೊಟ್ಟರು. ಕೇಳಬೇಕಾದ ಪ್ರಶ್ನೆಯೇ, ಒಪ್ಪೋಣ. ಆದರೆ ಒಬ್ಬ ಮನುಷ್ಯನ ಲೆಕ್ಕವನ್ನು ಅಷ್ಟಕ್ಕೇ ಮುಗಿಸೋದಾ?

ಮಿಡ್‌ಫೀಲ್ಡರ್ ಆಗಿದ್ದವರು ಅವರು. ಮೊಣಕಾಲಿಗೆ ಪೆಟ್ಟಾಗಿ 28ಕ್ಕೇ ಆಟ ನಿಂತುಹೋಯಿತು. ಸಂಸಾರ ನಡೀಬೇಕಲ್ಲ? ಬ್ಯೂನಸ್ ಐರಿಸ್‌ನಲ್ಲಿ ಟ್ಯಾಕ್ಸಿ ಓಡಿಸಿದರು. ಆಮೇಲೆ ಹುಡುಗರಿಗೆ ಆಟ ಕಲಿಸೋ ಕೆಲಸ. 1994ರಲ್ಲಿ ಅರ್ಜೆಂಟೀನಾದ ಕಿರಿಯರ ತಂಡ ಕೈಗೆ ಬಂತು. ದೊಡ್ಡ ಕ್ಲಬ್ಬುಗಳ ಕೋಚ್ ಆಗಿದ್ದ ಹೆಸರೇನೂ ಅವರಿಗಿರಲಿಲ್ಲ. ಆದರೂ 1995, 1997, 2001, ಮೂರು ಸಲ 20 ವರ್ಷದೊಳಗಿನವರ ವಿಶ್ವಕಪ್ ಗೆಲ್ಲಿಸಿದರು!

ನನಗೆ ಕಪ್‌ಗಳಿಗಿಂತ ದೊಡ್ಡದಾಗಿ ಕಾಣೋದು ಇನ್ನೊಂದು. 1997ರಲ್ಲಿ ಮಲೇಷ್ಯಾದಲ್ಲಿ ಗೆದ್ದ ಆ ತಂಡದಲ್ಲಿ ಸ್ಕಲೋನಿ, ಐಮಾರ್, ಸ್ಯಾಮುಯೆಲ್ ಅನ್ನೋ ಹುಡುಗರಿದ್ದರು. 2022ರಲ್ಲಿ ಕತಾರ್‌ನಲ್ಲಿ ಮೆಸ್ಸಿ ಕೊನೆಗೂ ವಿಶ್ವಕಪ್ ಎತ್ತಿದರಲ್ಲ, ಆಗ ಮುಖ್ಯ ಕೋಚ್ ಇದೇ ಸ್ಕಲೋನಿ. ಪಕ್ಕದಲ್ಲಿ ಸಹಾಯಕರಾಗಿ ನಿಂತಿದ್ದವರಲ್ಲಿ ಐಮಾರ್ ಇದ್ದರು, ಸ್ಯಾಮುಯೆಲ್ ಇದ್ದರು. ಐಮಾರ್ ಕೂಡ ಮಿಡ್‌ಫೀಲ್ಡರ್. ಆಟ ಬಿಟ್ಟಮೇಲೆ 2017ರಲ್ಲಿ ಅವರು ಮೊದಲು ಹಿಡಿದದ್ದೂ 17 ವರ್ಷದೊಳಗಿನ ಹುಡುಗರ ತಂಡವನ್ನೇ.