ಅರೆ ಒಣಗಿದ ದ್ರಾಕ್ಷಿಯ ಲೆಕ್ಕ: ಸಮಾನ ಘಟಕಗಳ ಪಾಠ



ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಕಲಿತ ವಿದ್ಯಾರ್ಥಿ ಮುಂದೆ ವಾಣಿಜ್ಯಶಾಸ್ತ್ರವನ್ನು ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಓದಬೇಕಾಗಿ ಬರುವುದುಂಟು. ಅಲ್ಲಿ ಪ್ರಕ್ರಿಯಾ ವೆಚ್ಚದ ಲೆಕ್ಕದಲ್ಲಿ ಬರುವ ‘ಸಮಾನ ಘಟಕ’ ಎಂಬ ಪರಿಕಲ್ಪನೆ ಅವನಿಗೆ ತೊಡಕಾಗಬಹುದು. ಅದರ ತಿರುಳು ಅವನ ಸೀಮೆಯ ಬೇದಾಣೆಯ ಶೆಡ್ಡಿನಲ್ಲಿಯೇ ಇದೆ. ತಾಯ್ನುಡಿಯಲ್ಲಿ ಅದನ್ನು ಮೊದಲೇ ಮನಗಾಣಿಸಿದರೆ, ಮುಂದೆ ಪದವು ಯಾವ ಭಾಷೆಯಲ್ಲಿ ಬಂದರೂ ಅವನು ಅಂಜಬೇಕಾಗಿಲ್ಲ.

ಸಾಂಗಲಿಯ ಒಣದ್ರಾಕ್ಷಿಗೆ 2016ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನ ಶೆಡ್ಡಿನಲ್ಲಿ ಬಲೆಯ ಅಂತಸ್ತುಗಳ ಮೇಲೆ ಹರಡಿ ಒಣಗಿಸುತ್ತಾರೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಬೇದಾಣೆ ದೊರೆಯುತ್ತದೆ.

ಒಂದು ಶೆಡ್ಡಿನಲ್ಲಿ ಮಾರ್ಚ್ ತಿಂಗಳಲ್ಲಿ 100 ಕ್ವಿಂಟಲ್ ಬೇದಾಣೆಯಾಗುವಷ್ಟು ಹಣ್ಣು ಹಾಕಿದರೆಂದು ಭಾವಿಸೋಣ. ತಿಂಗಳ ಕೊನೆಗೆ 60 ಕ್ವಿಂಟಲ್ ಸಿದ್ಧವಾಗಿದೆ; 40 ಕ್ವಿಂಟಲ್ ಆಗಬೇಕಾದ ಹಣ್ಣು ಬಲೆಯ ಮೇಲಿದ್ದು, ಅದರ ಕೆಲಸ ಅರ್ಧ ಮುಗಿದಿದೆ. ಹಣ್ಣು ಮತ್ತು ಅದ್ದುವ ದ್ರಾವಣದ ವೆಚ್ಚ 12,00,000 ರೂಪಾಯಿ. ಕೂಲಿ ಮತ್ತು ಶೆಡ್ಡಿನ ವೆಚ್ಚ 1,60,000 ರೂಪಾಯಿ.

ಹಣ್ಣು, ದ್ರಾವಣ ಎರಡೂ ಆರಂಭದಲ್ಲಿಯೇ ಪೂರ್ತಿಯಾಗಿ ಸೇರಿವೆ. ಆದುದರಿಂದ ಸಾಮಗ್ರಿಯ ಸಮಾನ ಘಟಕ 100. ಕ್ವಿಂಟಲಿಗೆ 12,000 ರೂಪಾಯಿ. ಕೂಲಿಯ ಲೆಕ್ಕದಲ್ಲಿ 40ರ ಅರ್ಧ 20. ಅದಕ್ಕೆ 60 ಕೂಡಿಸಿದರೆ 80 ಘಟಕ. ಕ್ವಿಂಟಲಿಗೆ 2,000 ರೂಪಾಯಿ. ಒಟ್ಟು ವೆಚ್ಚ 14,000 ರೂಪಾಯಿ.

ತಾಳೆ ನೋಡುವುದನ್ನು ಬಿಡಬಾರದು. ಸಿದ್ಧ ಸರಕಿನ ಮೌಲ್ಯ 8,40,000. ಬಲೆಯ ಮೇಲಿರುವುದರ ಮೌಲ್ಯ, ಸಾಮಗ್ರಿ 4,80,000 ಮತ್ತು ಕೂಲಿ 40,000 ಸೇರಿ, 5,20,000. ಎರಡೂ ಕೂಡಿ ಖರ್ಚಾದ 13,60,000 ರೂಪಾಯಿಗೆ ಸರಿಹೊಂದುತ್ತದೆ.

ವಿದ್ಯಾರ್ಥಿಗಳು ಎರಡು ಕಡೆ ಎಡವುತ್ತಾರೆ. ಬಲೆಯ ಮೇಲಿನ ಹಸಿ ತೂಕವನ್ನೇ ಸಿದ್ಧ ಸರಕಿನೊಡನೆ ಕೂಡಿಸುವುದು ಮೊದಲನೆಯದು; ಎರಡನ್ನೂ ಬೇದಾಣೆಯ ತೂಕಕ್ಕೆ ತಂದ ಮೇಲೆಯೇ ಕೂಡಿಸಬೇಕು. ಅರ್ಧ ದಿನ ಕಳೆದರೆ ಅರ್ಧ ಕೆಲಸ ಮುಗಿಯಿತೆಂದು ತಿಳಿಯುವುದು ಎರಡನೆಯದು. ಅದ್ದುವ, ಹರಡುವ ಕೂಲಿ ಮೊದಲಿಗೆ ಬೀಳುತ್ತದೆ. ತೊಟ್ಟು ಬಿಡಿಸುವ, ಆರಿಸುವ ಕೂಲಿ ಕೊನೆಗೆ ಬೀಳುತ್ತದೆ. ಆದುದರಿಂದ ದಿನಗಳನ್ನಲ್ಲ, ಆದ ಕೆಲಸವನ್ನು ಅಳೆಯಬೇಕು.

ಈ ವಿವೇಚನೆಯಿಲ್ಲದೆ ಒಟ್ಟು ಖರ್ಚನ್ನು ನೂರರಿಂದ ಭಾಗಿಸಿದರೆ ವೆಚ್ಚ 13,600 ಎಂದು ತೋರುತ್ತದೆ. ಆ ಲೆಕ್ಕ ನಂಬಿ ತಾಸಗಾಂವದ ಸವಾಲಿನಲ್ಲಿ 13,800ಕ್ಕೆ ಮಾರಿದ ರೈತ ಇನ್ನೂರು ಲಾಭವಾಯಿತೆಂದು ತಿಳಿಯುತ್ತಾನೆ. ವಾಸ್ತವದಲ್ಲಿ ಕ್ವಿಂಟಲಿಗೆ ಇನ್ನೂರು ಕಳೆದುಕೊಂಡಿರುತ್ತಾನೆ. ಆ ರೈತ ವಿದ್ಯಾರ್ಥಿಯ ತಂದೆಯೇ ಆಗಿರಬಹುದು. ಹಣ್ಣಿನ ಕಾಲದಲ್ಲಿ ಮಕ್ಕಳನ್ನು ಒಮ್ಮೆ ಶೆಡ್ಡಿಗೆ ಕರೆದೊಯ್ದು, ಈ ಲೆಕ್ಕವನ್ನು ಅಲ್ಲಿಯೇ ಅವರಿಂದ ಬರೆಯಿಸಬೇಕು.