ಹಿರಿಯರ ಫೋನು, ಹಿರಿಯರ ಒಪ್ಪಿಗೆ
(ಕೊಂಢವಾದಲ್ಲಿ ಯುವಜನರ ಸಭೆಯಲ್ಲಿ ಮಾಡಿದ ಭಾಷಣ)



ಬೆಳಗಾವಿ, ಚಿಕ್ಕೋಡಿ, ಅಥಣಿಗಳ ಕಡೆಯಿಂದ ಮಕ್ಕಳೊಡನೆ ಇಲ್ಲಿಗೆ ಬಂದು ನೆಲೆಸಿದ ಹಿರಿಯರು ವೈದ್ಯರೆದುರು ಮರಾಠಿಯಲ್ಲಿ ಹೇಗೋ ಮಾತು ಸಾಗಿಸುತ್ತಾರೆ. ಫೋನಿನ ಇಂಗ್ಲಿಷಿನೆದುರು ಮೌನವಾಗುತ್ತಾರೆ. ಅವರ ಪಕ್ಕದಲ್ಲಿ ಕುಳಿತುಕೊಳ್ಳುವ ಕೆಲಸ ನಿಮ್ಮದು.

2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಾದ್ಯಂತ ಆರಂಭವಾಯಿತು. ಅದರ ‘ಆಭಾ’ ಆರೋಗ್ಯ ದಾಖಲೆಗಳನ್ನು ಜೋಡಿಸುವ 14 ಅಂಕಿಗಳ ಸಂಖ್ಯೆ. ಚಿಕಿತ್ಸೆಯ ಹಣ ಭರಿಸುವ ಕಾರ್ಡಲ್ಲ. 70 ವರ್ಷ ತುಂಬಿದವರಿಗೆ, ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ವೆಚ್ಚ ಭರಿಸುವುದು 2024ರಲ್ಲಿ ಬಂದ ‘ವಯ ವಂದನಾ’ ಕಾರ್ಡು. ಈ ವ್ಯತ್ಯಾಸವನ್ನು ಆಸ್ಪತ್ರೆಯ ಕೌಂಟರಿನಲ್ಲಿ ಅರಿಯುವಂತಾಗಬಾರದು. ಸರ್ಕಾರಗಳು ಕಾರ್ಡುಗಳನ್ನು ಎಣಿಸುತ್ತವೆ. ಅಜ್ಜಿಗೆ ತಿಳಿಯಿತೇ ಎಂದು ಕೇಳುವವರು ಯಾರು?

ಆದರೆ ಅವಸರದಲ್ಲಿ ಅಜ್ಜನ ಓಟಿಪಿಯನ್ನು ನೀವೇ ಒತ್ತದಿರಿ. ದಾಖಲೆಯನ್ನು ಯಾರಿಗೆ, ಎಷ್ಟು ಕಾಲ ತೋರಿಸಬೇಕೆಂದು ಒಪ್ಪುವ, ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕು ಅವರದು, ಮನೆಯ ಮಗನದೂ ಅಲ್ಲ. ಪರದೆಯ ಮೇಲಿರುವುದನ್ನು ಕನ್ನಡದಲ್ಲಿ ತಿಳಿಸಿ ಹೇಳಿ, ಅವರೇ ಒತ್ತಲಿ. ತಡವಾದರೆ ಆಗಲಿ.

ಇನ್ನೊಂದು ಮಾತು. ಪರವೂರಿನಲ್ಲಿ ಒಂಟಿತನದಿಂದ ಕುಗ್ಗಿದವರಿಗೆ ಟೆಲಿ ಮಾನಸ್ ಸಹಾಯವಾಣಿಯುಂಟು: 14416. ಕರೆ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು. ಇಂದು ಮನೆಗೆ ಹೋದೊಡನೆ ತಾಯಂದಿರ ಫೋನಿನಲ್ಲಿ ಆ ಸಂಖ್ಯೆಯನ್ನು, ಅವರನ್ನು ಕೇಳಿಯೇ, ಸೇರಿಸಿರಿ.